ಬಿಡಿಸುವವರೂ ಕೂಡಿಸುವವರೂ

(ಮಾವನದು ಗ್ರಂಧಿಗೆ ಅಂಗಡಿ. ಸೊಸೆ ಎಂದರೆ ಇಲ್ಲಿ ಅಕ್ಕನ ಮಗಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಡಂ, ಕಲ್ಲುಹೂವುಗಳ ಹುಚ್ಚು ಹತ್ತಿದವಳು. ಮಧ್ಯಾಹ್ನದ ಹೊತ್ತು, ಗಿರಾಕಿಗಳಿಲ್ಲ.)

ಮಾವ: ಏನೇ ಅದು, ಆಗಿನಿಂದ ಒಂದೇ ಪುಸ್ತಕಕ್ಕೆ ಅಂಟಿಕೊಂಡಿದ್ದೀಯ? ಚಿತ್ರ ನೋಡಿದರೆ ಎಲ್ಲ ಒಂದೇ ಥರ. ಒಣಗಿದ ಪಟ್ಟಿ, ಒಣಗಿದ ಕಡ್ಡಿ.

ಸೊಸೆ: ಎಲ್ಲ ಒಂದೇ ಥರ ಅಂದಿರಲ್ಲ, ಅಲ್ಲಿಗೆ ಒಂದು ಹಳೇ ಜಗಳದಲ್ಲಿ ನೀವೂ ಪಕ್ಷ ಹಿಡಿದ ಹಾಗಾಯಿತು ಮಾವ. ಇದು 1996ರ ಪುಸ್ತಕ. ಬರೆದವರು ರಿಚರ್ಡ್ ಸ್ಪ್ಯೂಟ್ ಅನ್ನೋ ಅಮೆರಿಕದ ಸಸ್ಯಶಾಸ್ತ್ರಜ್ಞ. ಕ್ಯಾಲಿಫೋರ್ನಿಯಾದ ಕೆಳಗೆ, ಮೆಕ್ಸಿಕೋ ದೇಶಕ್ಕೆ ಸೇರಿದ ಬಾಹಾ ಕ್ಯಾಲಿಫೋರ್ನಿಯಾ ಅಂತ ಉದ್ದನೆಯ ಪರ್ಯಾಯ ದ್ವೀಪ ಇದೆ. ಆ ಎರಡೂ ಕಡೆಯ ಸಮುದ್ರದಂಚಿನಲ್ಲಿ ಬೆಳೆಯುವ ಎರಡೇ ಎರಡು ಕುಲದ ಕಲ್ಲುಹೂವುಗಳ ಮೇಲೆ ಇಡೀ ಪುಸ್ತಕ. ಒಂದರ ಹೆಸರು ನಿಯೆಬ್ಲಾ, ಇನ್ನೊಂದು ವರ್ಮಿಲಾಸಿನಿಯಾ.

ಮಾವ: ಕಲ್ಲುಹೂವು ಅಂದರೆ ನಾನು ಮಾರೋ ಇದೇ ತಾನೆ? ಮಸಾಲೆಗೆ ಹಾಕೋದು?

ಸೊಸೆ: ಇದೂ ಅದೂ ದೂರದ ನೆಂಟರು. ನಿಮ್ಮ ಮೂಟೆಯಲ್ಲಿರೋದು ಎಲೆಯ ಹಾಗೆ ಚಪ್ಪಟೆಯಾಗಿ ತೊಗಟೆಗೋ ಬಂಡೆಗೋ ಹತ್ತಿಕೊಳ್ಳುವ ಬಗೆ. ಅವು ಪೊದೆಯ ಹಾಗೆ ಎದ್ದು ನಿಲ್ಲುತ್ತವೆ, ಇಲ್ಲವೇ ಕಳ್ಳಿಗಿಡದ ಮೇಲೆ, ಕುರುಚಲು ಗಿಡದ ರೆಂಬೆಯ ಮೇಲೆ ಜೋತು ಬೀಳುತ್ತವೆ. ಒಂದು ಶಿಲೀಂಧ್ರ, ಅದರ ಮೈಯೊಳಗೆ ಮನೆ ಮಾಡಿಕೊಂಡ ಪಾಚಿ, ಈ ಸಂಸಾರ ಮಾತ್ರ ಎರಡರಲ್ಲೂ ಒಂದೇ. ಪಾಚಿ ಬಿಸಿಲಿನಿಂದ ಊಟ ಮಾಡಿಕೊಡುತ್ತೆ, ಶಿಲೀಂಧ್ರ ನೆರಳು ಕೊಡುತ್ತೆ.

ಮಾವ: ಮರುಭೂಮಿಯಲ್ಲಿ ಪಾಚಿಯೇ? ನೀರು?

ಸೊಸೆ: ಮಂಜು. ಅಲ್ಲಿ ಸಮುದ್ರ ತಣ್ಣಗಿರುತ್ತೆ ಮಾವ. ನಮ್ಮ ಅರಬ್ಬೀ ಸಮುದ್ರದ ಹಾಗೆ ಬೆಚ್ಚಗಿನ ನೀರಲ್ಲ. ಧ್ರುವದ ಕಡೆಯಿಂದ ತಣ್ಣನೆ ಪ್ರವಾಹ ದಡದ ಪಕ್ಕದಲ್ಲೇ ಹರಿಯುತ್ತದೆ, ಆಳದ ತಣ್ಣೀರೂ ಮೇಲೆ ಬರುತ್ತದೆ. ಅದರ ಮೇಲೆ ಹಾದ ಗಾಳಿ ತಣ್ಣಗಾಗಿ, ಅದರಲ್ಲಿನ ತೇವ ಮಂಜು ಕಟ್ಟುತ್ತದೆ. ಮೇಲಿನ ಪದರದ ಬಿಸಿಗಾಳಿ ಈ ತಣ್ಣನೆ ಗಾಳಿಯನ್ನು ಎತ್ತರಕ್ಕೆ ಏಳಲು ಬಿಡುವುದಿಲ್ಲ. ಏಳದೆ ಮೋಡ ಬಲಿಯುವುದಿಲ್ಲ, ಮೋಡ ಬಲಿಯದೆ ಮಳೆಯಿಲ್ಲ. ಹಾಗಾಗಿ ದಡದಲ್ಲಿ ನಿಂತರೆ ಕನ್ನಡಕದ ಗಾಜು ಒದ್ದೆ, ಕಾಲಡಿಯ ಮಣ್ಣು ಒಣಗಿಯೇ ಇರುತ್ತೆ. ಇಂಥ ಮರುಭೂಮಿ ಪ್ರಪಂಚದಲ್ಲಿ ಕೆಲವೇ ಕಡೆ ಇವೆ. ಬಾಹಾ ಒಂದು, ಚಿಲಿ ಮತ್ತು ಪೆರುವಿನ ಅಟಕಾಮಾ ಕರಾವಳಿ ಒಂದು, ಆಫ್ರಿಕಾದ ನಮೀಬಿಯಾದ ನಮೀಬ್ ಒಂದು. ನಮೀಬಿಯಾದ ಸ್ವಾಕೊಪ್‌ಮುಂಡ್ ಊರಿನಲ್ಲಿ ವರ್ಷವಿಡೀ ಬೀಳುವ ಮಳೆ 20 ಮಿಲಿಮೀಟರೂ ಇಲ್ಲ. ನಮ್ಮ ಆಗುಂಬೆಯಲ್ಲಿ ಆಷಾಢದ ಒಂದು ಸಂಜೆಗೆ ಅಷ್ಟು ಸುರಿದರೆ ಯಾರೂ ಕೊಡೆಯನ್ನೂ ಬಿಚ್ಚಲಿಕ್ಕಿಲ್ಲ.

ಮಾವ: ಆ ಮಂಜಿನಲ್ಲಿ ಬದುಕುತ್ತೆ ಅಂತೀಯ.

ಸೊಸೆ: ಬದುಕುವುದಷ್ಟೇ ಅಲ್ಲ, ಅಲ್ಲಿ ಇದೇ ಕಾಡು. ಬೇರಿಲ್ಲ, ನೀರು ಉಳಿಸಿಕೊಳ್ಳುವ ಮೇಣದ ಚರ್ಮವೂ ಇಲ್ಲ. ಹಾಗಿರುವುದರಿಂದಲೇ ಮೈಯೆಲ್ಲ ನೀರು ಹೀರುತ್ತೆ. ಜರ್ಮನಿಯ ಒಟ್ಟೋ ಲಾಂಗೆ ಅನ್ನುವವರು ಇದನ್ನು ಅಳತೆಮಾಡಿ ತೋರಿಸಿದರು. ರಾತ್ರಿ ಮಂಜು ಬಂದಾಗ ಕಲ್ಲುಹೂವು ನೆನೆಯುತ್ತೆ. ಸೂರ್ಯ ಹುಟ್ಟಿದ ಮೇಲೆ, ಮೈ ಇನ್ನೂ ಒದ್ದೆ ಇರುವ ಒಂದೆರಡು ಗಂಟೆಯಲ್ಲಿ ಆ ದಿನದ ಅಡುಗೆ ಮುಗಿಸಬೇಕು. ಬಿಸಿಲೇರಿದರೆ ಒಣಗಿ ಗರಿಗರಿ. ಮತ್ತೆ ಮಂಜು ಬರುವವರೆಗೂ ಉಸಿರಾಟ ಕೂಡ ಸ್ತಬ್ಧ. ಲಾಂಗೆ ಇನ್ನೊಂದು ವಿಷಯ ಕಂಡುಕೊಂಡರು. ಹಸಿರು ಪಾಚಿ ಇಟ್ಟುಕೊಂಡ ಕಲ್ಲುಹೂವಿಗೆ ಹನಿ ನೀರು ಕೂಡ ಬೇಕಿಲ್ಲ, ಗಾಳಿಯ ತೇವವೇ ಸಾಕು. ನೀಲಿಹಸಿರು ಪಾಚಿ ಇಟ್ಟುಕೊಂಡದ್ದಕ್ಕೆ ಮಾತ್ರ ನೀರು ದ್ರವವಾಗಿಯೇ ಸಿಗಬೇಕು.

ಮಾವ: ಸರಿ, ಬದುಕಲಿ ಪಾಪ. ಅದಕ್ಕೆ ಹೆಸರಿಡೋದರಲ್ಲಿ ಜಗಳ ಏನು ಬಂತು? ಕಲ್ಲುಹೂವು ಅಂದರೆ ಕಲ್ಲುಹೂವು. ನಾನು ಇಷ್ಟು ವರ್ಷ ಇದೇ ಹೆಸರಲ್ಲೇ ಮಾರಿದ್ದೀನಿ.

ಸೊಸೆ: ಒಂದು ಹಿಡಿ ಕೊಡಿ ನೋಡೋಣ. ಬಟ್ಟೆಗೆ ಹಾಕುವ ಬ್ಲೀಚ್ ಇದೆಯಾ ಅಂಗಡಿಯಲ್ಲಿ?

ಮಾವ: ಹಿಂದೆ ಬಚ್ಚಲಲ್ಲಿ ಬಾಟ್ಲಿ ಇದೆ. ಮಾಲಿನ ಮೇಲೆ ಚೆಲ್ಲಬೇಡ.

ಸೊಸೆ: ಒಂದು ಹನಿ ಸಾಕು. ಈ ಅಗಲ ಎಲೆ ನೋಡಿ, ಮೇಲೆ ಬೂದಿ ಬಣ್ಣ, ಕೆಳಗೆ ಕಪ್ಪು. ಮೇಲಿನ ಸಿಪ್ಪೆಯನ್ನು ಉಗುರಲ್ಲಿ ಕೆರೆಯುತ್ತೀನಿ. ಒಳಗೆ ಹತ್ತಿಯಂಥ ಬಿಳಿ ತಿರುಳು ಕಾಣಿಸಿತಾ? ಈಗ ಕಡ್ಡಿ ತುದಿಯಲ್ಲಿ ಒಂದು ಹನಿ ಬ್ಲೀಚ್.

ಮಾವ: ಅರೆ! ಕುಂಕುಮದ ನೀರಾಯ್ತಲ್ಲ!

ಸೊಸೆ: ಲೆಕನೋರಿಕ್ ಆಮ್ಲ ಇದ್ದರೆ ಹೀಗೆ ಕೆಂಪಾಗುತ್ತೆ. ಇದು ಪಾರ್ಮೋಟ್ರೀಮಾ ಟಿಂಕ್ಟೋರಮ್. ಈಗ ಈ ಇನ್ನೊಂದು ಚೂರು. ಬೆಳಕಿಗೆ ಹಿಡಿದರೆ ಮೇಲ್ಮೈಯಲ್ಲಿ ಬಲೆಯ ಹಾಗೆ ಸಣ್ಣ ಬಿಳಿ ಬಿರುಕು ಕಾಣುತ್ತೆ. ಅದೇ ಬ್ಲೀಚ್, ಅದೇ ಹನಿ. ಏನೂ ಆಗಲಿಲ್ಲ. ಇದು ಪಾರ್ಮೋಟ್ರೀಮಾ ರೆಟಿಕ್ಯುಲೇಟಮ್. ಇದಕ್ಕೆ ಪೊಟ್ಯಾಷ್ ನೀರು ಹಾಕಿದರೆ ಮೊದಲು ಹಳದಿ, ಆಮೇಲೆ ರಕ್ತದ ಕೆಂಪು. ನೀವು ಒಂದೇ ಬೆಲೆಗೆ ಎರಡು ಸಾಮಾನು ಮಾರುತ್ತಿದ್ದೀರಿ. ಇನ್ನೂ ಹುಡುಕಿದರೆ ಮೂರನೆಯದು, ನಾಲ್ಕನೆಯದೂ ಸಿಗಬಹುದು.

ಮಾವ: ನಾನೇನು ಬೆರೆಸಿದೆನಾ? ಹಿಮಾಲಯದ ಕಡೆ ಮಾಲೂ ಬರುತ್ತೆ, ದಕ್ಷಿಣದ ಬೆಟ್ಟದ್ದೂ ಬರುತ್ತೆ. ಮಂಡಿಗೆ ಬರೋ ಹೊತ್ತಿಗೇ ಒಂದಾಗಿರುತ್ತೆ. ಒಂದು ಸಲ ಬೆರೆತರೆ ಮುಗೀತು, ಯಾವ ಕೂಲಿಯವನೂ ಬೇರೆ ಮಾಡಿ ಕೊಡಲ್ಲ.

ಸೊಸೆ: ಆ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಅದನ್ನೇ ನಿಮ್ಮ ಮೇಲೆ ತಿರುಗಿಸುತ್ತೇನೆ. ಈ ಹನಿ ಹಾಕಿ ನೋಡುವ ಉಪಾಯ 1866ರಲ್ಲಿ ವಿಲಿಯಂ ನೈಲಾಂಡರ್ ಶುರುಮಾಡಿದ್ದು. ಫಿನ್‌ಲೆಂಡಿನವರು, ಪ್ಯಾರಿಸ್ಸಿನಲ್ಲಿದ್ದರು. ಬಲು ಹಟಮಾರಿ ಮನುಷ್ಯ. ಕಲ್ಲುಹೂವು ಅಂದರೆ ಶಿಲೀಂಧ್ರ ಮತ್ತು ಪಾಚಿಯ ಜೋಡಿ ಅಂತ ಸ್ವಿಟ್ಜರ್ಲೆಂಡಿನ ಶ್ವೆಂಡೆನರ್ ಹೇಳಿದಾಗ ನೈಲಾಂಡರ್ ಕೊನೆವರೆಗೂ ಒಪ್ಪಲಿಲ್ಲ. ಆದರೆ ಅವರ ಬಾಟಲಿ ಇವತ್ತಿಗೂ ನಮ್ಮ ಬ್ಯಾಗಿನಲ್ಲಿದೆ.

ಮಾವ: ಮತ್ತೆ ನಿನ್ನ ಸ್ಪ್ಯೂಟ್ ಸಾಹೇಬರೂ ಬ್ಲೀಚ್ ಹಾಕಿದರಾ?

ಸೊಸೆ: ನಿಯೆಬ್ಲಾಗೆ ಬ್ಲೀಚ್ ಸಾಲದು. ಅಲ್ಲಿ ಬೇಕಾಗಿದ್ದು ಸಿಲಿಕಾ ಹಲಗೆ. ಅಕ್ಕಿಕಾಳಿನಷ್ಟು ಚೂರು ಮುರಿದು, ಸಣ್ಣ ಗಾಜಿನ ಕೊಳವೆಯಲ್ಲಿ ಹಾಕಿ, ಮೇಲೆ ಸ್ವಲ್ಪ ಅಸಿಟೋನ್ ಬಿಡಬೇಕು. ಒಳಗಿನ ಆಮ್ಲಗಳು ಅದರಲ್ಲಿ ಇಳಿಯುತ್ತವೆ. ಆ ರಸವನ್ನು ಕೂದಲಿನಂಥ ಗಾಜಿನ ನಳಿಗೆಯಲ್ಲಿ ಎತ್ತಿ, ಬಿಳಿ ಹಲಗೆಯ ತಳದಲ್ಲಿ ಒಂದು ಚುಕ್ಕೆ ಮುಟ್ಟಿಸುವುದು. ಒಣಗಲು ಬಿಟ್ಟು, ಅದರ ಮೇಲೇ ಮತ್ತೊಂದು ಸಲ. ಪಕ್ಕದಲ್ಲಿ, ಏನಿದೆ ಅಂತ ಮೊದಲೇ ಗೊತ್ತಿರುವ ಕಲ್ಲುಹೂವಿನ ಚುಕ್ಕೆ. ಆಮೇಲೆ ಟೊಲೂಯಿನ್, ಡೈಆಕ್ಸೇನ್, ಅಸಿಟಿಕ್ ಆಮ್ಲ ಕೂಡಿಸಿದ ದ್ರವದಲ್ಲಿ ಹಲಗೆಯ ಬುಡ ಮಾತ್ರ ಮುಳುಗುವಂತೆ ನಿಲ್ಲಿಸಬೇಕು. ದ್ರವ ಹಲಗೆಯಲ್ಲಿ ಮೇಲೇರುತ್ತಾ ಹೋದ ಹಾಗೆ ಒಂದೊಂದು ಆಮ್ಲ ಒಂದೊಂದು ಎತ್ತರದಲ್ಲಿ ಹಿಂದೆ ಉಳಿಯುತ್ತೆ. ತೆಗೆದು ಒಣಗಿಸಿ, ತೆಳುವಾದ ಸಲ್ಫ್ಯೂರಿಕ್ ಆಮ್ಲ ಸಿಂಪಡಿಸಿ, 110 ಡಿಗ್ರಿಯ ಓವನ್ನಿನಲ್ಲಿಟ್ಟರೆ ಖಾಲಿ ಕಾಣುತ್ತಿದ್ದ ಹಲಗೆಯಲ್ಲಿ ಬಣ್ಣಬಣ್ಣದ ಚುಕ್ಕೆ ಮೂಡುತ್ತವೆ. ಯಾವ ಎತ್ತರ, ಯಾವ ಬಣ್ಣ ಅಂತ ನೋಡಿ ಇದು ಸಲಾಜಿನಿಕ್, ಇದು ಡೈವಾರಿಕ್ಯಾಟಿಕ್, ಇದು ಸೆಕಿಕೈಕ್ ಅಂತ ಓದಬಹುದು. 1970ರಲ್ಲಿ ಅಮೆರಿಕದ ಚಿಸಿಟಾ ಕಲ್ಬರ್ಸನ್ ಈ ವಿಧಾನವನ್ನು ಎಲ್ಲರೂ ಒಂದೇ ರೀತಿ ಮಾಡುವ ಹಾಗೆ ಅಳವಡಿಸಿಕೊಟ್ಟರು.

ಮಾವ: ಇಷ್ಟೆಲ್ಲ ಮಾಡಿ ಏನು ಸಿಕ್ಕಿತು?

ಸೊಸೆ: ಹೊರಗಿನಿಂದ ಅಣ್ಣತಮ್ಮಂದಿರ ಹಾಗಿರುವ ಪೊದೆಗಳು ಒಳಗೆ ಎರಡು ಪಂಗಡ ಅಂತ ಗೊತ್ತಾಯಿತು. ಬ್ಲೇಡಿನಲ್ಲಿ ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದರ ತಿರುಳಿನಲ್ಲಿ ಗಟ್ಟಿ ಎಳೆಗಳು ಓಡಾಡಿವೆ, ಇನ್ನೊಂದರಲ್ಲಿ ಅವಿಲ್ಲ. ಎಳೆ ಇರುವುದರಲ್ಲಿ ಈ ಆಮ್ಲಗಳು. ಎಳೆ ಇಲ್ಲದ್ದರಲ್ಲಿ ಹೆಚ್ಚಾಗಿ ಟರ್ಪೀನ್ ಜಾತಿಯ ರಾಸಾಯನಿಕಗಳು, ಜಿಯೋರಿನ್ ಅಂಥವು. ಎಳೆ ಇದ್ದದ್ದು ನಿಯೆಬ್ಲಾ. ಇಲ್ಲದ್ದಕ್ಕೆ ವರ್ಮಿಲಾಸಿನಿಯಾ ಅಂತ ಹೊಸ ಕುಲ ಮಾಡಿ 1995ರಲ್ಲಿ ಪ್ರಕಟಿಸಿದರು. ಆ ಕುಲದ ಹೆಸರಿನ ಮುಂದೆ ಸ್ಪ್ಯೂಟ್ ಜೊತೆ ಮೇಸನ್ ಹೇಲ್ ಹೆಸರೂ ಇದೆ. ಸ್ಮಿತ್‌ಸೋನಿಯನ್ ಸಂಗ್ರಹಾಲಯದವರು, ತೀರಿಕೊಂಡದ್ದು 1990ರಲ್ಲಿ. ಈಗ ನಿಮ್ಮ ಮೂಟೆಯ ಪಾರ್ಮೋಟ್ರೀಮಾ ಅನ್ನುವ ಕುಲವಿದೆಯಲ್ಲ, ಮೂಲೆಗೆ ಬಿದ್ದಿದ್ದ ಆ ಹಳೆಯ ಹೆಸರನ್ನು 1974ರಲ್ಲಿ ಮತ್ತೆ ಬಳಕೆಗೆ ತಂದವರೂ ಇದೇ ಹೇಲ್.

ಮಾವ: ಅಂದರೆ ಹೆಸರು ಸಾಯೋದೂ ಉಂಟು, ಏಳೋದೂ ಉಂಟು.

ಸೊಸೆ: ನಿಯೆಬ್ಲಾದ ಕಥೆಯೇ ಅದು. 1790ರ ದಶಕದಲ್ಲಿ ಇಂಗ್ಲಿಷರ ಹಡಗಿನಲ್ಲಿ ಬಂದ ಆರ್ಚಿಬಾಲ್ಡ್ ಮೆಂಜೀಸ್ ಕ್ಯಾಲಿಫೋರ್ನಿಯಾ ದಡದಲ್ಲಿ ಒಂದು ಕಲ್ಲುಹೂವು ಕಿತ್ತುಕೊಂಡು ಹೋದರು. ಸ್ವೀಡನ್ನಿನ ವೈದ್ಯ ಅಕೇರಿಯಸ್ 1810ರಲ್ಲಿ ಅದಕ್ಕೆ ರಾಮಾಲಿನಾ ಹೊಮೇಲಿಯಾ ಅಂತ ಹೆಸರಿಟ್ಟರು. ಆಮೇಲೆ ಇದು ರಾಮಾಲಿನಾ ಅಲ್ಲ, ಬೇರೆ ಕುಲ ಅಂತ ಆಯಿತು. ಅದಕ್ಕೆ ಸಲ್ಲುತ್ತಿದ್ದದ್ದು ಫ್ರಾನ್ಸಿನ ಮೊಂಟಾನ್ ಇಟ್ಟಿದ್ದ ಡೆಸ್ಮಾಜಿಯೇರಿಯಾ ಅನ್ನುವ ಹೆಸರು. ಡೆಸ್ಮಾಜಿಯೇರ್ ಅನ್ನುವ ಶಿಲೀಂಧ್ರ ವಿಜ್ಞಾನಿಯ ಗೌರವಕ್ಕೆ. ತೊಂದರೆ ಏನಪ್ಪಾ ಅಂದರೆ, ಅದೇ ಮನುಷ್ಯನ ಗೌರವಕ್ಕೆ 1822ರಲ್ಲೇ ಒಂದು ಹುಲ್ಲಿನ ಕುಲಕ್ಕೆ ಡೆಸ್ಮಾಜೇರಿಯಾ ಅಂತ ಹೆಸರಿಟ್ಟಾಗಿತ್ತು. ಒಂದಕ್ಷರ ವ್ಯತ್ಯಾಸ.

ಮಾವ: ಹುಲ್ಲೆಲ್ಲಿ, ಕಲ್ಲುಹೂವೆಲ್ಲಿ! ಯಾರು ಗೊಂದಲ ಮಾಡಿಕೊಳ್ತಾರೆ?

ಸೊಸೆ: ಗಿಡ, ಪಾಚಿ, ಶಿಲೀಂಧ್ರ ಮೂರಕ್ಕೂ ಒಂದೇ ನಾಮಕರಣ ಸಂಹಿತೆ ಮಾವ. ಅದರಲ್ಲಿ ಒಂದು ಹೆಸರು ಒಂದೇ ಕುಲಕ್ಕೆ, ಮೊದಲು ಬಂದವರಿಗೆ. ಗೊಂದಲವಾಗುವಷ್ಟು ಹತ್ತಿರದ ಹೆಸರುಗಳನ್ನೂ ಒಂದೇ ಹೆಸರು ಅಂತ ಎಣಿಸುತ್ತಾರೆ. ಹೀಗಾಗಿ ಹುಲ್ಲು ಗೆದ್ದಿತು, ಕಲ್ಲುಹೂವು ಅನಾಮಧೇಯವಾಯಿತು. 1978ರಲ್ಲಿ ರಂಡೆಲ್ ಮತ್ತು ಬೌಲರ್ ಅನ್ನುವ ಇಬ್ಬರು ಸ್ಪ್ಯಾನಿಷ್ ಭಾಷೆಯ ಮಂಜನ್ನೇ ತೆಗೆದುಕೊಂಡು ನಿಯೆಬ್ಲಾ ಅಂತ ಕರೆದರು. ನನ್ನನ್ನು ಕೇಳಿದರೆ ಹುಲ್ಲು ಗೆದ್ದದ್ದೇ ಒಳ್ಳೆಯದಾಯಿತು.

ಮಾವ: ನಿನ್ನ ಹೆಸರನ್ನೇ ಒಂದಕ್ಕೆ ಇಟ್ಟುಬಿಡು, ನಿಮ್ಮಮ್ಮ ಖುಷಿಪಡ್ತಾಳೆ.

ಸೊಸೆ: ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವ ಪದ್ಧತಿ ಇಲ್ಲ. ನಿಯಮದಲ್ಲಿ ತಡೆಯಿಲ್ಲ, ಆದರೆ ಮರ್ಯಾದೆ ಹೋಗುತ್ತೆ. ಬೇರೆಯವರದು ಇಡಬಹುದು. ಕ್ಯಾಲಿಫೋರ್ನಿಯಾದ ಸಾಂತಾ ರೋಸಾ ದ್ವೀಪದ ಕಲ್ಲುಹೂವೊಂದಕ್ಕೆ 2009ರಲ್ಲಿ ಕೆರಿ ಕ್ನುಡ್ಸೆನ್ ಅನ್ನುವವರು ಒಬಾಮಾ ಹೆಸರಿಟ್ಟರು. ಮೆಂಜೀಸ್ ಹೆಸರು ಹೊತ್ತ ರಾಮಾಲಿನಾ ಮೆಂಜೀಸಿಯೈ ಈಗ ಕ್ಯಾಲಿಫೋರ್ನಿಯಾದ ರಾಜ್ಯ ಕಲ್ಲುಹೂವು. ನಮ್ಮ ದೇಶದಲ್ಲಿ ಈ ಶಾಸ್ತ್ರವನ್ನು ಕಟ್ಟಿದ ಲಖನೌದ ಡಿ. ಡಿ. ಅವಸ್ಥಿಯವರ ಹೆಸರಿನವೂ ಇವೆ. ಅದೆಲ್ಲ ಇರಲಿ. ಹೆಸರು ಚೆಂದವೋ ಅಲ್ಲವೋ ಮುಖ್ಯ ಅಲ್ಲ, ಹೆಸರು ಯಾವುದಕ್ಕೆ ಕಟ್ಟಿದ್ದು ಅನ್ನೋದು ಮುಖ್ಯ.

ಮಾವ: ಯಾವುದಕ್ಕೆ ಅಂದರೆ? ಆ ಜಾತಿಗೆ.

ಸೊಸೆ: ಅಲ್ಲ, ಒಂದು ಪೊಟ್ಟಣಕ್ಕೆ. ಮಂಜಿನ ಬೆಳಗ್ಗೆ, ಮೆತ್ತಗಿರುವಾಗಲೇ ಕಲ್ಲುಹೂವು ಬಿಡಿಸಬೇಕು. ಒಣಗಿದ ಮೇಲೆ ಕೈ ಹಾಕಿದರೆ ಪುಡಿಪುಡಿ. ಬಂಡೆಗೆ ಕಚ್ಚಿದ್ದರೆ ಉಳಿ, ಸುತ್ತಿಗೆ. ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಬೂಷ್ಟು ಹಿಡಿಯುತ್ತೆ, ಅದಕ್ಕೆ ಕಾಗದದ ಪೊಟ್ಟಣ. ಮೇಲೆ ಜಾಗ, ಎತ್ತರ, ಬಂಡೆಯೋ ಕಳ್ಳಿಯೋ, ದಿನಾಂಕ, ಕಿತ್ತವರ ಸಂಖ್ಯೆ. ಅಂಥ ಪೊಟ್ಟಣಗಳಲ್ಲಿ ಒಂದನ್ನು ಆರಿಸಿ ಇದೇ ಮೂಲಮಾದರಿ ಅಂತ ಹೆಸರಿಡುವವರು ಘೋಷಿಸಬೇಕು, ಅದು ಯಾವುದಾದರೂ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಮಾದರಿಗಳನ್ನು ಕಾಪಿಡುವ ಸಂಗ್ರಹದಲ್ಲಿ, ಇರಬೇಕು. 2011 ಮುಗಿಯುವ ತನಕ ವರ್ಣನೆಯನ್ನು ಲ್ಯಾಟಿನ್ನಿನಲ್ಲಿ ಬರೆಯಲೇಬೇಕಿತ್ತು, ಈಗ ಇಂಗ್ಲಿಷೂ ನಡೆಯುತ್ತೆ. 2013ರಿಂದ ಶಿಲೀಂಧ್ರದ ಹೆಸರಿಗೆ ನೋಂದಣಿ ಸಂಖ್ಯೆಯೂ ಬೇಕು. ಇಷ್ಟಾದರೆ ಹೆಸರು ಸಿಂಧು. ಸ್ಪ್ಯೂಟ್ ಹೇಳಿದ್ದು ಪ್ರಭೇದ ಹೌದೋ ಅಲ್ಲವೋ ಅಂತ ಸಂಹಿತೆ ತೀರ್ಪು ಕೊಡೋದಿಲ್ಲ. ಹೆಸರು ಕ್ರಮಬದ್ಧವಾಗಿ ಇಟ್ಟಿದ್ದಾರೆಯೇ ಅಂತ ಮಾತ್ರ ನೋಡುತ್ತೆ.

ಮಾವ: ಕಲ್ಲುಹೂವಿನಲ್ಲಿ ಇಬ್ಬರಿದ್ದಾರೆ ಅಂದೆಯಲ್ಲ. ಹೆಸರು ಯಾರದು?

ಸೊಸೆ: ಶಿಲೀಂಧ್ರದ್ದು. ಪಾಚಿಗೆ ಅದರದೇ ಹೆಸರು ಬೇರೆ. 2016ರಲ್ಲಿ ಕೆಲವು ಕಲ್ಲುಹೂವುಗಳ ಸಿಪ್ಪೆಯಲ್ಲಿ ಯೀಸ್ಟ್ ಜಾತಿಯ ಮೂರನೆಯದೂ ಇದೆ ಅಂತ ಟೋಬಿ ಸ್ಪ್ರಿಬಿಲ್ ತಂಡ ತೋರಿಸಿತು. ಆದರೂ ಹೆಸರಿನ ಯಜಮಾನಿಕೆ ದೊಡ್ಡ ಶಿಲೀಂಧ್ರದ್ದೇ.

ಮಾವ: ಸರಿ, ಈಗ ಜಗಳಕ್ಕೆ ಬಾ.

ಸೊಸೆ: ಸ್ಪ್ಯೂಟ್ ಕ್ಯಾನ್ಸರ್ ಔಷಧಿಗಾಗಿ ಗಿಡ ಹುಡುಕುವ ಅಮೆರಿಕ ಸರ್ಕಾರದ ಯೋಜನೆಯಲ್ಲಿ ಕೆಲಸ ಮಾಡಿದವರು. ಅಂಥ ಕೆಲಸದಲ್ಲಿ ಒಂದು ಗಿಡದ ಬದಲು ಇನ್ನೊಂದು ಸೇರಿಬಿಟ್ಟರೆ ಪರೀಕ್ಷೆಯೆಲ್ಲ ವ್ಯರ್ಥ. ಬಿಡಿಸಿ ನೋಡುವ ಅವರ ಅಭ್ಯಾಸಕ್ಕೆ ಅದೂ ಕಾರಣ ಇರಬಹುದು, ಇದು ನನ್ನ ಊಹೆ. ಬಾಹಾದ ಒಂದೊಂದು ಬೆಟ್ಟ, ಒಂದೊಂದು ಚಾಚು ಭೂಮಿಯ ಪೊಟ್ಟಣಗಳನ್ನೂ ಆಕಾರ, ಆಮ್ಲ ಎರಡೂ ಸೇರಿಸಿ ನೋಡಿ 1996ರ ಪುಸ್ತಕದಲ್ಲಿ ಹತ್ತಾರು ಪ್ರಭೇದ ಗುರುತಿಸಿದರು. ಬಹಳಷ್ಟು ಹೊಸ ಹೆಸರು. ಮೈಮೇಲಿನ ಕಪ್ಪು ಕಲೆಗಳನ್ನು ನೋಡಿ ಒಂದಕ್ಕೆ ಚಿರತೆಯ ಹೆಸರು, ಪಟ್ಟೆ ನೋಡಿ ಒಂದಕ್ಕೆ ಜೀಬ್ರಾ ಹೆಸರು. 2004ರಲ್ಲಿ ಸೊನೋರಾ ಮರುಭೂಮಿಯ ಕಲ್ಲುಹೂವುಗಳ ದೊಡ್ಡ ಗ್ರಂಥ ಬಂತು. ಅದರಲ್ಲಿ ಈ ಭಾಗ ಬರೆದವರು ನಿಯೆಬ್ಲಾ ಹೆಸರಿಟ್ಟ ಅದೇ ಬೌಲರ್, ಜೊತೆಗೆ ಮಾರ್ಷ್. ಅವರು ಸ್ಪ್ಯೂಟ್ ಕೊಟ್ಟ ಹೆಸರುಗಳಲ್ಲಿ ಬಹುಪಾಲನ್ನು ಒಪ್ಪಲಿಲ್ಲ, ಕೆಲವೇ ಪ್ರಭೇದಗಳಿಗೆ ಇಳಿಸಿದರು.

ಮಾವ: ಸರಿಯಾಗೇ ಮಾಡಿದರು. ಒಂದೇ ಬಂಡೆಯ ಈ ಬದಿಯದಕ್ಕೊಂದು ಹೆಸರು, ಆ ಬದಿಯದಕ್ಕೊಂದು ಹೆಸರು ಅಂದರೆ ಯಾರು ನೆನಪಿಟ್ಟುಕೊಳ್ತಾರೆ?

ಸೊಸೆ: ಅವರ ವಾದದಲ್ಲೂ ಹುರುಳಿದೆ. ಗಾಳಿಗೆ ಎದುರಾದ ಪೊದೆ ಕುಳ್ಳಗಾಗುತ್ತೆ, ಮರೆಯಲ್ಲಿರುವುದು ಉದ್ದವಾಗುತ್ತೆ. ಒಂದೇ ಪ್ರಭೇದದಲ್ಲಿ ಆಮ್ಲವೂ ಬದಲಾಗಬಹುದು, ಮನುಷ್ಯರಲ್ಲಿ ರಕ್ತದ ಗುಂಪು ಇದ್ದ ಹಾಗೆ ಅಂತ ಹೇಳುವವರಿದ್ದಾರೆ. ಕಾಡಿನಲ್ಲಿ ಕೂತು ಗುರುತಿಸಲಾಗದ, ಪ್ರತಿಯೊಂದಕ್ಕೂ ಸಿಲಿಕಾ ಹಲಗೆ ಬೇಡುವ ಹೆಸರಿನಿಂದ ಅರಣ್ಯ ಇಲಾಖೆಯವನಿಗೆ ಏನು ಉಪಯೋಗ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ನಾನೇ ಈ ಪುಸ್ತಕ ಹಿಡಿದು ಎಷ್ಟೋ ಸಲ ತಲೆ ಕೆರೆದುಕೊಂಡಿದ್ದೀನಿ.

ಮಾವ: ಹಾಗಾದರೆ ಡಿಎನ್‌ಎ ಮಾಡಿಸೋದಪ್ಪ. ಕೋರ್ಟಲ್ಲೇ ಅದಕ್ಕೆ ಮೇಲೆ ಮಾತಿಲ್ಲ.

ಸೊಸೆ: ಮಾಡಿಸಿದರು. 2020ರಲ್ಲಿ ಸ್ಪ್ಯೂಟ್ ಮತ್ತು ಬೆಲ್ಜಿಯಂನ ಸೆರೂಸಿಯೋ ಸೇರಿದ ತಂಡದ ಅಧ್ಯಯನ ಬಂತು. ಬಾಹಾದ ವಿಸ್ಕೈನೋ ಮರುಭೂಮಿ, ನಮೀಬಿಯಾದ ಕರಾವಳಿ ಎರಡರ ಮಾದರಿಗಳೂ ಅದರಲ್ಲಿ ಇದ್ದವು. ನಿಯೆಬ್ಲಾ, ವರ್ಮಿಲಾಸಿನಿಯಾ ಎರಡೂ ಬೇರೆ ಕುಲವೇ, ಬೇರೆಯಾಗಿ ಸುಮಾರು 3 ಕೋಟಿ ವರ್ಷ ಆಗಿದೆ ಅಂತ ಬಂತು. ವರ್ಮಿಲಾಸಿನಿಯಾದ ಒಳಗೆ ಇಟ್ಟ ಪ್ರಭೇದಗಳಿಗೂ ಬಹುಮಟ್ಟಿಗೆ ಬೆಂಬಲ ಸಿಕ್ಕಿತು. ತೊಗಟೆಯ ಮೇಲೆ ಬೆಳೆಯುವ ಎರಡು ಎಳೆಯ ಕವಲುಗಳು ಮಾತ್ರ ಬಿಡಿಸಲಾಗದೆ ಉಳಿದವು. ನಮೀಬಿಯಾದ ಕಪ್ಪು ಕೂದಲಿನ ಕಲ್ಲುಹೂವೊಂದು, ಅಲ್ಲಿಯವರೆಗೆ ರಾಮಾಲಿನಾ ಕುಲದ್ದೇ ಅಂತ ಓಡಾಡಿಕೊಂಡಿದ್ದದ್ದು, ಆ ಕುಲದಿಂದ ಬೇರೆಯಾಗಿ 4.8 ಕೋಟಿ ವರ್ಷ ಆಗಿದೆ ಅಂತ ತಿಳಿದು ಅದಕ್ಕೆ ನಮೀಬಿಯಾಲಿನಾ ಅಂತ ಹೊಸ ಕುಲವನ್ನೇ ಮಾಡಿದರು.

ಮಾವ: ತಾನೇ ಬರೆದ ಪುಸ್ತಕಕ್ಕೆ ತಾನೇ ಪರೀಕ್ಷಕ ಆದ ಹಾಗಾಯ್ತಲ್ಲ ಅದು.

ಸೊಸೆ: ಪರೀಕ್ಷಕರು ಅವರೇ ಆದರೂ ನಿಯೆಬ್ಲಾಕ್ಕೆ ಪಾಸ್ ಮಾರ್ಕು ಹಾಕಿಕೊಳ್ಳಲಿಲ್ಲ ನೋಡಿ. ಆಮ್ಲಗಳು ದೊಡ್ಡ ಕವಲುಗಳಿಗೆ ಹೊಂದುತ್ತವೆ, ಆದರೆ ಕವಲಿನ ಒಳಗಿನ ಪ್ರಭೇದಗಳ ಸಂಬಂಧ ಇನ್ನೂ ಬಗೆಹರಿದಿಲ್ಲ ಅಂತ ಅವರೇ ಬರೆದರು. 2021ರಲ್ಲಿ ಯೂಟಾದ ಸ್ಟೀವನ್ ಲೆವಿಟ್ ಅವರ ತಂಡ ನಿಯೆಬ್ಲಾದ ಇಡೀ ಜೀನೋಮ್ ಮಟ್ಟದ ಮಾಹಿತಿ ಇಟ್ಟುಕೊಂಡು ನೋಡಿತು. ಲೆಕ್ಕ ಹೆಚ್ಚು ಪ್ರಭೇದಗಳ ಕಡೆಗೇ ವಾಲಿತು. ಒಂದೊಂದು ಸಣ್ಣ ಜಾಗಕ್ಕೆ ಒಂದೊಂದು ಪ್ರಭೇದ ಸೀಮಿತವಾಗಿರಬಹುದು ಅನ್ನುವ ಗುಮಾನಿಗೆ ಬಲ ಬಂತು. ಆದರೆ ಆ ಗೆರೆಗಳು ಹಳೆಯ ಹೆಸರುಗಳ ಗೆರೆಯ ಮೇಲೆ ಕೂರಲಿಲ್ಲ. ಅಷ್ಟೇ ಅಲ್ಲ, ಒಂದು ಲೆಕ್ಕದ ವಿಧಾನ ಹೇಳಿದ್ದನ್ನು ಇನ್ನೊಂದು ಒಪ್ಪಲಿಲ್ಲ.

ಮಾವ: ಡಿಎನ್‌ಎಯೂ ಕೈ ಎತ್ತಿತು.

ಸೊಸೆ: ಈಚೆಗೆ ಕವಲೊಡೆದ ಜೀವಿಗಳಲ್ಲಿ ಹಾಗೆಯೇ. ಬೇರೆಯಾಗುವುದು ಪೂರ್ತಿ ಆಗಿರುವುದಿಲ್ಲ, ನಡುವೆ ಬೆರಕೆ ಆಗಿರುತ್ತೆ, ಹಳೆಯ ಜೀನುಗಳು ಎರಡೂ ಕಡೆ ಉಳಿದಿರುತ್ತವೆ. ಅಲ್ಲಿ ನಿಜವಾಗಿಯೂ ಗೆರೆ ಮಸುಕು. ಕೋರ್ಟಿನಲ್ಲಿ ತಂದೆ ಯಾರು ಅಂತ ಹೇಳುವ ಡಿಎನ್‌ಎ, ಈ ಎರಡು ಪೊದೆ ಬೇರೆ ಸಂಸಾರ ಹೂಡಿದ್ದು ಎಂದಿನಿಂದ ಅಂತ ಹೇಳಲು ತಡವರಿಸುತ್ತೆ.

ಮಾವ: ಜೀಬ್ರಾದ್ದು ಏನಾಯ್ತು?

ಸೊಸೆ: ಒಳ್ಳೆಯದು ಕೇಳಿದಿರಿ. ನಿಯೆಬ್ಲಾ, ವರ್ಮಿಲಾಸಿನಿಯಾ ಎರಡೂ ಅಮೆರಿಕ ಖಂಡಗಳಿಗೇ ಸೀಮಿತ. ಅದಕ್ಕೆ ಅಪವಾದ ಇದೊಂದೇ. ವರ್ಮಿಲಾಸಿನಿಯಾ ಜೀಬ್ರಿನಾ ಆ ಕಡೆಯೂ ಇದೆ, ಸಾವಿರಾರು ಮೈಲಿ ದಾಟಿ ನಮೀಬಿಯಾದಲ್ಲೂ ಇದೆ. ಅದರ ಮೈಮೇಲೆ ಹಿಟ್ಟಿನಂಥ ಪುಡಿ ಉದುರುತ್ತೆ. ಒಂದೊಂದು ಕಣದಲ್ಲೂ ಶಿಲೀಂಧ್ರ, ಪಾಚಿ ಎರಡೂ ಜೊತೆಗೇ ಇರುತ್ತವೆ. ಬಿದ್ದಲ್ಲಿ ಸಂಗಾತಿ ಹುಡುಕಬೇಕಾಗಿಲ್ಲ. ಹೆಸರೇ ಇಲ್ಲದಿದ್ದರೆ, ಎರಡು ಮರುಭೂಮಿಯಲ್ಲಿ ಇರೋದು ಒಂದೇ ಅಂತ ಹೇಳೋದು ಹೇಗೆ? ಎಲ್ಲವನ್ನೂ ನಿಯೆಬ್ಲಾ ಅಂತ ಒಟ್ಟಿಗೆ ಕಟ್ಟಿಟ್ಟಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಮಾವ: ಇದರಿಂದ ಅನ್ನ ಹುಟ್ಟುತ್ತಾ ಅಂತ ಕೇಳಬೇಕು ಅಂತಿದ್ದೆ. ಬೈಯುತ್ತೀಯ ಅಂತ ಸುಮ್ಮನಿದ್ದೀನಿ.

ಸೊಸೆ: ಕೇಳಿ, ಬೈಯೋಲ್ಲ. ಅನ್ನ ಹುಟ್ಟೋದಿಲ್ಲ. ಆದರೆ ನಮೀಬಿಯಾದಲ್ಲಿ ಸ್ವಾಕೊಪ್‌ಮುಂಡ್‌ನಿಂದ ಉತ್ತರಕ್ಕೆ, ವ್ಲೋಟ್ಸ್ಕಾಸ್‌ಬಾಕೆನ್ ಅನ್ನುವ ಹಳ್ಳಿಯ ಹತ್ತಿರ ಜಲ್ಲಿಗಲ್ಲಿನ ಬಯಲಿದೆ. ದೂರದಿಂದ ಬರೀ ಬಯಲು. ಬಗ್ಗಿ ನೋಡಿದರೆ ಟೆಲೊಸ್ಕಿಸ್ಟಿಸ್ ಕ್ಯಾಪೆನ್ಸಿಸ್ ಅನ್ನುವ ಕಿತ್ತಳೆ ಬಣ್ಣದ ಪೊದೆಗಳು ನೆಲವೆಲ್ಲ ಹಾಸಿವೆ. ಅವುಗಳ ನಡುವೆ ಜಾಂಥೊಮ್ಯಾಕ್ಯುಲಿನಾ ಅಂತ ಒಂದು, ನೆಲಕ್ಕೆ ಅಂಟಿಕೊಳ್ಳುವುದೇ ಇಲ್ಲ. ಒಣಗಿದಾಗ ಸುರುಳಿ ಸುತ್ತಿ ಗಾಳಿಯಲ್ಲಿ ಉರುಳುತ್ತೆ, ಮಂಜು ತಗಲಿದರೆ ಬಿಚ್ಚಿಕೊಂಡು ಹರಡುತ್ತೆ. ಆ ಬಯಲಿನ ಮೇಲೆ ಒಂದು ಜೀಪು ಹಾದುಹೋದರೆ ಚಕ್ರದ ಗುರುತು ಹತ್ತಾರು ವರ್ಷ ಅಳಿಸುವುದಿಲ್ಲ. ಕಲ್ಲುಹೂವು ಅಷ್ಟು ನಿಧಾನ ಬೆಳೆಯುತ್ತೆ. 2010ರಲ್ಲಿ ಅಲ್ಲಿನ ಕರಾವಳಿಯನ್ನು ಡೊರೊಬ್ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ಇಂಥ ಕಡೆ ಏನಿದೆ, ಇಲ್ಲಿ ಮಾತ್ರ ಇರುವುದು ಯಾವುದು ಅಂತ ಪಟ್ಟಿ ಮಾಡುವವನಿಗೆ ಮೊದಲು ಬೇಕಾಗೋದು ಹೆಸರು. ಗಣಿಯವನು, ರಸ್ತೆಯವನು ಬಂದು ಇಲ್ಲೇನಿದೆ ಬರೀ ಬೂಷ್ಟು ಅಂದರೆ, ಎದುರಿಗಿಡಲು ಹೆಸರಿನ ಪಟ್ಟಿ ಬಿಟ್ಟು ಬೇರೆ ಕಾಗದ ಇರೋದಿಲ್ಲ.

ಮಾವ: ಒಪ್ಪಿದೆ. ಆದರೂ ಹತ್ತಾರು ಹೆಸರಿಟ್ಟು, ಅದರಲ್ಲಿ ಅರ್ಧ ಸುಳ್ಳಾದರೆ?

ಸೊಸೆ: ಈಗ ನಿಮ್ಮ ಮಾತು ನಿಮಗೆ. ಮೂಟೆ ಬೆರೆತ ಮೇಲೆ ಬೇರೆ ಮಾಡೋರು ಯಾರೂ ಇಲ್ಲ ಅಂದಿರಲ್ಲ? ಸ್ಪ್ಯೂಟ್ ಬಿಡಿಸಿಟ್ಟದ್ದನ್ನು ನಾಳೆ ಯಾರಾದರೂ ಕೂಡಿಸಬೇಕು ಅಂದರೆ, ಈ ಎರಡು ಹೆಸರು ಒಂದೇ ಅಂತ ಒಂದು ಸಾಲು ಬರೆದರೆ ಆಯಿತು. ಪೊಟ್ಟಣ ಬೇರೆ ಬೇರೆ ಇದೆ, ಯಾವ ಬೆಟ್ಟದ್ದು ಅಂತ ಇದೆ, ಯಾವ ಆಮ್ಲ ಅಂತ ಇದೆ. ಕೂಡಿಸಿಟ್ಟದ್ದನ್ನು ಬಿಡಿಸಬೇಕು ಅಂದರೆ ಮತ್ತೆ ಬಾಹಾಕ್ಕೆ ಹೋಗಬೇಕು, ಮತ್ತೆ ಕೀಳಬೇಕು, ಅಷ್ಟು ಹೊತ್ತಿಗೆ ಆ ಬೆಟ್ಟದ ಬುಡದಲ್ಲಿ ಟೊಮೇಟೊ ತೋಟ ಎದ್ದಿರಬಹುದು. ಎರಡೂ ತಪ್ಪೇ ಆಗಿದ್ದರೂ, ಬಿಡಿಸಿದವನ ತಪ್ಪನ್ನು ಮೇಜಿನ ಮುಂದೆ ಕೂತು ತಿದ್ದಬಹುದು.

ಮಾವ: ಅಂದರೆ ನೀನು ಬಿಡಿಸುವವರ ಪಕ್ಷ.

ಸೊಸೆ: ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುವಾಗ 2004ರ ಗ್ರಂಥವೇ ಸುಲಭ, ಅದನ್ನೇ ಹೇಳುತ್ತೀನಿ. ಆದರೆ ಕೈಯಲ್ಲಿ ಒಂದು ಪೊಟ್ಟಣ ಹಿಡಿದು ಇದು ಯಾವುದು ಅಂತ ಕೂತಾಗ ಮೊದಲು ತೆಗೆಯೋದು 1996ರ ಪುಸ್ತಕ. ಎಷ್ಟು ಸಿಟ್ಟು ಬಂದರೂ ಅದನ್ನೇ.